ಎರಡರ ಖಾನೆ

ನಮ್ಮ ಪ್ರೆಸ್ಸಿನ್ಯಾಗ ಯಾವತ್ತೂ ಮೊದಲ ತೀರತಿದ್ದದ್ದು
ಎರಡರ ಮೊಳೆ.
ಪಾಯಿಂಟ್ ಟೂಟೂ ರೈಫಲ್ಲಿಗೆ ಎರಡು,
ಹನ್ನೆರಡು ಬೋರಿಗೆ ಒಂದು,
ಪುಟ ಕಟ್ಟೂದ್ರಾಗ ಖಾನೆ ಖಾಲಿ.
ಮದುವಿ ಕಾಗದ ಮಾಡಿಸಾಕ ಬಂದವರಿಗೆ
'ಇಪ್ಪತ್ತೆರಡನೇ ತಾರೀಖು ಅಕ್ಷರದಾಗ ಹಾಕತೀನ್ರಿ,
ಅಂಕಿ ಎಲ್ಲಾ ನಿಶಾನಿಗೆ ಹೋಗ್ಯಾವು' ಅಂತಿದ್ದೆ.
ಅವರು ಏನಂತ ತಿಳಕೊಂತಿದ್ದರೋ.

ನಿಶಾನಿ: ಬಂದೂಕು ಮತ್ತು ಗುರಿ ಅಭ್ಯಾಸದ ಮಾಸಪತ್ರಿಕೆ,
ಗದಗ-ಬೆಟಗೇರಿ.
ಮೂವತ್ತೆಂಟು ವರ್ಷ. ಅದ್ರಾಗ ನಂದು ಇಪ್ಪತ್ತೊಂಬತ್ತು.
ಚಂದಾದಾರರು ನಾಲ್ಕನೂರಾ ಹದಿನಾರು,
ರೊಕ್ಕ ಕೊಟ್ಟವರು ಅರ್ಧ.

ಸಂಪಾದಕರು ಕೌಜಲಗಿ ವಾಮನರಾಯರು.
ಲ್ಯಾಂಬ್ರೆಟಾ ಗಿಡದ ನೆರಳಿಗೆ ನಿಲ್ಲಿಸಿ
ಚೀಲದಾಗಿಂದ ಕಾಪಿ ತಗದು
'ಚಂಬವ್ವ, ಈ ಸಲ ಸ್ವಲ್ಪ ನೋಡವಾ,
ಹೋದ ತಿಂಗಳ ನಳಿಗೆ ಹೋಗಿ ನಾಲಿಗೆ ಆಗ್ಯದ' ಅಂದರು.
ವಾರಕ್ಕೊಮ್ಮೆ ನಾಲಿಗೆಗೆ ಎಣ್ಣೆ ಹಚ್ಚಿ
ಒಣ ಬಟ್ಟೆಯಿಂದ ಒರೆಸಿಡತಕ್ಕದ್ದು,
ಹಂಗ ಅಚ್ಚಾಗಿತ್ತು.
ಸವಣೂರಿಂದ ಒಬ್ಬ ಡಾಕ್ಟರು ಕಾರ್ಡು ಬರದಿದ್ದರು:
ಮಾಡಿದೆ, ಮನೆಯವರಿಗೆ ಗುಣ ಕಂಡಿದೆ.

ಇಲೆಕ್ಷನ್ ಬಂತಂದ್ರ ಲೈಸೆನ್ಸಿನ ಬಂದೂಕೆಲ್ಲಾ ಠಾಣೆಕ್ಕ ಜಮಾ.
ಗ್ವಾಡಿಮ್ಯಾಲೆ ಬರೇ ಮೊಳೆ ಉಳೀತಿದ್ದವು.
ಆ ತಿಂಗಳ ನಿಶಾನಿ ಮಾತ್ರ
ಒಂದು ಪ್ರತಿನೂ ಉಳೀತಿರಲಿಲ್ಲ.

ವರ್ಷಾ ವರ್ಷಾ ಜೂನಿನ ಸಂಚಿಕೆಗೆ ಅದೇ ಪಾಠ, ಹೊಸಬರಿಗೆ:
ಅರ್ಧ ಉಸಿರು ಬಿಡಿ. ಉಳಿದರ್ಧ ಹಿಡಿಯಿರಿ.
ಕುದುರೆಯನ್ನು ಎಳೆಯಬೇಡಿ, ಒತ್ತುತ್ತ ಹೋಗಿ.
ಗುಂಡು ಹೊರಟಾಗ ನಿಮಗೇ ಆಶ್ಚರ್ಯವಾಗಬೇಕು.
ನಾ ಬಂದೂಕು ಮುಟ್ಟಿದಾಕಿ ಅಲ್ಲ.
ಆದ್ರ ಎಂಟು ಪಾಯಿಂಟಿನ ಅರ್ಕಾವತ್ತು
ಚಿಮಟಾದಾಗ ಹಿಡದು ಕೂಡಸುವಾಗ
ಅರ್ಧ ಉಸಿರು ಬಿಡತಿದ್ದೆ.
ಸೂಜಿಗೆ ದಾರ ಪೋಣಸುವಾಗ.
ನಮ್ಮನಿಯವರು ಕುಡದು ಬಂದು ಬಾಗಲಾ ಬಡಿಯುವಾಗ
ಉಳದರ್ಧ ಹಿಡದು.

ಇಪ್ಪತ್ತೈದನೇ ವರ್ಷದ ವಿಶೇಷಾಂಕಕ್ಕ
ಬೆಟಗೇರಿ ಆಚೆ ಕಲ್ಲಿನ ಖಣಿಗೆ ಕರಕೊಂಡು ಹೋದರು.
ಉಸುಕಿನ ಚೀಲ, ಚಾಪಿ.
ಸೆರಗು ಸಿಗಿಸಿ ಬೋರಲು ಮಲಗಿದೆ,
ಕ್ಲಬ್ಬಿನ ಗಂಡಸರೆಲ್ಲಾ ಮರ್ಯಾದಿಗೆ ಆಕಡೆ ತಿರಗಿದರು.
ಮೊದಲನೇದು ಎಡಕ್ಕ ಹೋತು.
'ಬಲಕ್ಕ ಸರಸು' ಅಂದರು ರಾಯರು. ಸರಸಿದೆ.
ಇನ್ನೂ ಎಡಕ್ಕ ಹೋತು.
ಅವರಿಗೆ ಏನ ಹೇಳಲಿ,
ದಿನಾ ಎಂಟು ತಾಸು ತಿರುವುಮುರುವು ಅಕ್ಷರ ಓದಾಕಿಗೆ
ಎಡಾ ಯಾವುದು, ಬಲಾ ಯಾವುದು.
ಮೂರನೇದಕ್ಕ ಅವರ ಮಾತು ಬಿಟ್ಟು
ನಡುವಿನ ಕರೇ ಚುಕ್ಕಿ
ಪೂರ್ಣವಿರಾಮ ಅಂತ ತಿಳಕೊಂಡೆ.
ಎಂಟರ ಸುತ್ತು!
'ನಮ್ಮ ಮುದ್ರಣಾಲಯದ ಸಹೋದರಿಯೊಬ್ಬರು' ಅಂತ ಸುದ್ದಿ ಬರದರು.
ಹೆಸರಿರಲಿಲ್ಲ.
ಕಾಪಿ ಹೆಂಗಿತ್ತೋ ಹಂಗ ಜೋಡಿಸಿದೆ.

ರಾಯರು ಹೋದಮ್ಯಾಲೆ ಒಂದೇ ಸಂಚಿಕೆ ಬಂತು.
ಆಮ್ಯಾಲೆ ಮಾಲಕರು ಮೊಳೆ ತೂಕಕ್ಕ ಹಾಕಿದರು.
ಲಕ್ಷ್ಮೇಶ್ವರದ ಚಂದಾದಾರ ಒಬ್ಬ ಬಂದಿದ್ದ,
ಸೀಸ ಕರಗಿಸಿ ಗುಂಡು ಎರಕ ಹೊಯ್ಯಾಕ ಬೇಕಂತ.
ನಾನ ಅಂದೆ: ಬರಂಗಿಲ್ರಿ, ಅಚ್ಚಿನ ಸೀಸ ಭಾಳ ಬಿರಸು,
ಅದ್ರಾಗ ಅಂಟಿಮನಿ ಇರತೈತಿ, ನಳಿಗಿ ಕೆಡತೈತಿ,
ಎಪ್ಪತ್ತೊಂಬತ್ತರ ಮಾರ್ಚ್ ಸಂಚಿಕೆ,
ಪ್ರಶ್ನೋತ್ತರ, ಎರಡನೇ ಕಾಲಂ.
ಅಂವ ನನ್ನ ಮುಖಾನ ನೋಡಿದ.
ನಳಿಗಿ ಅಂದೆ, ಮತ್ತೊಮ್ಮೆ, ಬಿಡಿಸಿ.

ಈಗ ಟೀವಿಯಾಗ ತೋರಸ್ತಾರ.
ಯಾವ ಊರಿನ ಹುಡುಗಿನೋ, ಭುಜ ಇಳೀತೈತಿ,
ಅರ್ಧ ಬಿಟ್ಟಳು, ನನಗ ಗೊತ್ತಾಗತೈತಿ.
ಹೇಳಾಂವ ಪಾಯಿಂಟ್ ಟೂಟೂ ಅಂದ ಕೂಡಲೇ
ನನ್ನ ಬಲಗೈ ತಾನಾಗೇ
ಕೆಳಗಿನ ಸಾಲು, ಎಡದಿಂದ ಮೂರನೇ ಖಾನೆಗೆ ಹೋಗತೈತಿ.
ಅಲ್ಲೀಗ ಉಪ್ಪಿನ ಡಬ್ಬಿ ಐತಿ.